ಆರರ ಪದ್ಧತಿಯಲ್ಲಿ ಬರೆದ ಸಂಖ್ಯೆಯನ್ನು ಓದುವುದು ಹೇಗೆ?

ಮೊದಲ ಸಲ ಆರರ ಪದ್ಧತಿಯಲ್ಲಿ (ಹತ್ತತ್ತರ ಬದಲು ಆರಾರರ ಗುಂಪು ಮಾಡಿ ಸಂಖ್ಯೆ ಬರೆಯುವ ಪದ್ಧತಿ) ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಮಾಡಲು ಕೂತಾಗ ನಾನು ಒಂದು ಪೆದ್ದು ಕೆಲಸ ಮಾಡಿದ್ದೆ. ಸಂಖ್ಯೆಗಳನ್ನು ಸಾಲಾಗಿ ಬರೆದುಕೊಂಡು 15, 25, 35, 45 ಎಲ್ಲಕ್ಕೂ ಅಡ್ಡಗೆರೆ ಎಳೆದುಬಿಟ್ಟೆ. ಕೊನೆಯಲ್ಲಿ ಐದಿದೆ, ಐದರಿಂದ ಭಾಗ ಹೋಗುತ್ತದೆ, ಇದರಲ್ಲಿ ಯೋಚನೆ ಮಾಡುವುದೇನಿದೆ ಅಂತ. ಪುಟ ಮುಗಿಸಿ ನೋಡಿದರೆ ಸಿಗಬೇಕಾದ ಅವಿಭಾಜ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾಯ! ಆರರ ಪದ್ಧತಿಯಲ್ಲಿ 15 ಅಂದರೆ ಹನ್ನೊಂದು, 25 ಅಂದರೆ ಹದಿನೇಳು, 35 ಅಂದರೆ ಇಪ್ಪತ್ತಮೂರು, 45 ಅಂದರೆ ಇಪ್ಪತ್ತೊಂಬತ್ತು. ನಾಲ್ಕೂ ಅವಿಭಾಜ್ಯ. ಕೈ ಹೊಸ ಪದ್ಧತಿಯಲ್ಲಿ ಬರೆಯುತ್ತಿತ್ತು, ಕಣ್ಣು ಮಾತ್ರ ಹಳೆಯ ಹತ್ತರಲ್ಲೇ ಓದುತ್ತಿತ್ತು.

ಆ ಕಣ್ಣನ್ನು ಪಳಗಿಸುವುದಕ್ಕೇ ಈ ಬರಹ. ಒಂದು ಪೂರ್ಣಾಂಕವನ್ನು ಆರರ ಪದ್ಧತಿಯಲ್ಲಿ ಬರೆದರೆ ಅದರ ಬಗ್ಗೆ ಏನೇನು ತಿಳಿಯುತ್ತದೆ, ಭಾಗಾಕಾರ ಮಾಡದೆ ಎಷ್ಟು ದೂರ ಹೋಗಬಹುದು ಅಂತ ಹಂತಹಂತವಾಗಿ ನೋಡೋಣ. ಪೆನ್ನು, ಕಾಗದ, ಐದರವರೆಗಿನ ಮಗ್ಗಿ ಇದ್ದರೆ ಸಾಕು. ಗೊಂದಲ ಆಗಬಾರದು ಅಂತ ಆರರ ಪದ್ಧತಿಯ ಸಂಖ್ಯೆಗಳ ಬಾಲಕ್ಕೆ ಪುಟ್ಟ ₆ ಹಾಕಿದ್ದೇನೆ. ಬಾಲ ಇಲ್ಲದಿದ್ದರೆ ಅದು ನಮ್ಮ ಮಾಮೂಲಿ ಸಂಖ್ಯೆ.

ಮೊದಲು, ಬರೆಯುವುದು

ಇಲ್ಲಿ ಇರುವುದು ಆರೇ ಅಂಕಿ: 0, 1, 2, 3, 4, 5. ಬಿಡಿ, ಹತ್ತು, ನೂರು, ಸಾವಿರದ ಸ್ಥಾನಗಳ ಬದಲು ಇಲ್ಲಿ 1, 6, 36, 216, 1296, 7776 ಎಂಬ ಸ್ಥಾನಗಳು. ಇದೇನು ಬರೀ ಗಣಿತದವರ ತಮಾಷೆಯಲ್ಲ. ನ್ಯೂ ಗಿನಿಯ ದಕ್ಷಿಣ ಭಾಗದ ಕೆಲವು ಭಾಷೆಗಳಲ್ಲಿ ಎಣಿಸುವುದೇ ಹೀಗೆ. ಎನ್‌ಡೊಮ್ ಎಂಬ ಭಾಷೆಯಲ್ಲಿ 6ಕ್ಕೆ ಒಂದು ಪದ, 18ಕ್ಕೆ ಒಂದು, 36ಕ್ಕೆ ಇನ್ನೊಂದು ಪದ ಇದೆ.

2025 ತೆಗೆದುಕೊಳ್ಳಿ. ಆರರಿಂದ ಭಾಗಿಸುತ್ತಾ ಹೋಗಿ, ಪ್ರತಿ ಸಲ ಶೇಷವನ್ನು ಪಕ್ಕದಲ್ಲಿ ಬರೆದಿಡಿ.

2025 ÷ 6 = 337, ಶೇಷ 3
337 ÷ 6 = 56, ಶೇಷ 1
56 ÷ 6 = 9, ಶೇಷ 2
9 ÷ 6 = 1, ಶೇಷ 3
1 ÷ 6 = 0, ಶೇಷ 1

ಈಗ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ: 13213₆. ಮೇಲಿನಿಂದ ಕೆಳಕ್ಕೆ ಓದುವುದು ಎಲ್ಲರೂ ಮಾಡುವ ತಪ್ಪು. ಮೊದಲು ಸಿಕ್ಕ ಶೇಷ ಬಿಡಿ ಸ್ಥಾನದ್ದು ಅನ್ನುವುದು ನೆನಪಿದ್ದರೆ ಸಾಕು. ಸರಿ ಇದೆಯಾ ಅಂತ ನೋಡಲು ಎಡಗಡೆಯಿಂದ ಹಿಂದಕ್ಕೆ ಬನ್ನಿ. 1ನ್ನು ಆರರಿಂದ ಗುಣಿಸಿ 3 ಕೂಡಿದರೆ 9. ಅದನ್ನು ಆರರಿಂದ ಗುಣಿಸಿ 2 ಕೂಡಿದರೆ 56. ಮುಂದೆ 337, ಕೊನೆಗೆ 2025. ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತಿದ ಹಾಗೆ.

ಬಾಯಲ್ಲಿ ಹೇಳುವಾಗ ಇದನ್ನು ‘ಹದಿಮೂರು ಸಾವಿರದ...’ ಅಂತ ಓದಬೇಡಿ. ‘ಒಂದು ಮೂರು ಎರಡು ಒಂದು ಮೂರು’ ಅಂತ ಫೋನ್ ನಂಬರ್ ಥರ ಬಿಡಿಬಿಡಿಯಾಗಿ ಹೇಳಿ. ನನ್ನ ಅಡ್ಡಗೆರೆ ಅವಾಂತರದ ಮೂಲವೇ ಇದು. ಮನಸ್ಸಿನಲ್ಲಿ ‘ಹದಿನೈದು’ ಅಂದುಕೊಂಡ ಕೂಡಲೇ ಐದರ ಮಗ್ಗಿ ತಾನಾಗಿ ಬಂದುಬಿಡುತ್ತದೆ.

ಭಾಗಾಕಾರ ಬೇಜಾರಾದರೆ ಎಕ್ಸೆಲ್‌ನಲ್ಲಿ ‘ಬೇಸ್’ ಎಂಬ ಫಂಕ್ಷನ್ ಇದೆ, ಸಂಖ್ಯೆ ಮತ್ತು 6 ಕೊಟ್ಟರೆ ಬರೆದುಕೊಡುತ್ತದೆ. ವಾಪಸ್ ತರಲು ‘ಡೆಸಿಮಲ್’. ಆದರೆ ಮೊದಲ ಹತ್ತು ಸಂಖ್ಯೆಗಳನ್ನಾದರೂ ಕೈಯಲ್ಲೇ ಮಾಡಿ.

ಇನ್ನು ಕೂಡುವುದು, ಕಳೆಯುವುದು. ಇಲ್ಲಿ ಹೊಸದೇನೂ ಇಲ್ಲ. ಮೊತ್ತ ಆರಾದರೆ 0 ಬರೆದು ಪಕ್ಕಕ್ಕೆ 1 ಒಯ್ಯಬೇಕು. ಕಳೆಯುವಾಗ ಪಕ್ಕದಿಂದ ಒಂದು ಸಾಲ ತಂದರೆ ಕೈಗೆ ಬರುವುದು ಹತ್ತಲ್ಲ, ಆರು. ಹಾಗಾಗಿ 1200₆ರಲ್ಲಿ 2 ಕಳೆದರೆ 1154₆. ಇದೊಂದು ಲೆಕ್ಕವನ್ನು ನೀವೇ ಮಾಡಿ ನೋಡಿ, ಮುಂದೆ ಬೇಕಾಗುತ್ತದೆ.

ಕೊನೆಯ ಅಂಕಿ

ಹತ್ತರ ಪದ್ಧತಿಯಲ್ಲಿ ಕೊನೆಯ ಅಂಕಿ ನೋಡಿದರೆ ಎರಡು ಮತ್ತು ಐದರ ಸುದ್ದಿ ಸಿಗುತ್ತದೆ, ಯಾಕೆಂದರೆ 10 ಅಂದರೆ 2 × 5. ಇಲ್ಲಿ 6 ಅಂದರೆ 2 × 3. ಹಾಗಾಗಿ ಎರಡು ಮತ್ತು ಮೂರರ ಸುದ್ದಿ ಸಿಗುತ್ತದೆ. ಕೊನೆಗೆ 0, 2, 4 ಇದ್ದರೆ ಸಮ. 0 ಅಥವಾ 3 ಇದ್ದರೆ ಮೂರರಿಂದ ಭಾಗ ಹೋಗುತ್ತದೆ. 0 ಇದ್ದರೆ ಆರರಿಂದ. 13213₆ರ ಕೊನೆಯಲ್ಲಿ 3 ಇದೆ. ಅಂದರೆ 2025 ಬೆಸ, ಮೂರರಿಂದ ಭಾಗ ಹೋಗುತ್ತದೆ. ಅಂಕಿ ಕೂಡುವ ಕೆಲಸವೇ ಇಲ್ಲ.

ಉಳಿದ ಅಂಕಿಗಳು ಎರಡೇ, 1 ಮತ್ತು 5. 2 ಮತ್ತು 3 ಬಿಟ್ಟರೆ ಮಿಕ್ಕ ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಈ ಎರಡರಲ್ಲೇ ಮುಗಿಯಬೇಕು. ಶುರುವಿನವು ಹೀಗಿವೆ:

5₆, 11₆, 15₆, 21₆, 25₆, 31₆, 35₆, 45₆, 51₆, 101₆...

ನಡುವೆ 41₆ ಇಲ್ಲ (ಅದು 25), 55₆ ಇಲ್ಲ (ಅದು 35). ಅವಳಿ ಅವಿಭಾಜ್ಯಗಳನ್ನು, ಅಂದರೆ ನಡುವೆ ಎರಡೇ ಅಂತರ ಇರುವ ಜೋಡಿಗಳನ್ನು, ಇಲ್ಲಿ ನೋಡುವುದೇ ಒಂದು ಖುಷಿ: 15₆ ಮತ್ತು 21₆, 25₆ ಮತ್ತು 31₆, 45₆ ಮತ್ತು 51₆. ನಡುವಿನಲ್ಲಿ ಯಾವಾಗಲೂ ಸೊನ್ನೆಯಲ್ಲಿ ಮುಗಿಯುವ ಒಂದು ಸಂಖ್ಯೆ. 3, 5 ಎಂಬ ಒಂದು ಜೋಡಿ ಮಾತ್ರ ಈ ಸಾಲಿಗೆ ಸೇರುವುದಿಲ್ಲ.

ವರ್ಗಸಂಖ್ಯೆಗಳು 0, 1, 3, 4ರಲ್ಲಿ ಮಾತ್ರ ಮುಗಿಯುತ್ತವೆ. ಕೊನೆಗೆ 2 ಅಥವಾ 5 ಕಂಡರೆ ವರ್ಗಮೂಲ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. 3ರಲ್ಲಿ ಮುಗಿಯುವ ವರ್ಗಸಂಖ್ಯೆಗೆ ಇನ್ನೂ ಒಂದು ಕಟ್ಟುಪಾಡಿದೆ: ಅದು 13₆ರಲ್ಲೇ ಮುಗಿಯಬೇಕು. ಮೇಲಿನ 13213₆ ನೋಡಿ. ಅದು 45ರ ವರ್ಗ.

ಘನಗಳದ್ದು ಇನ್ನೂ ಸೊಗಸು. 2ರ ಘನ 12₆, 3ರ ಘನ 43₆, 4ರ ಘನ 144₆, 5ರ ಘನ 325₆. ಕೊನೆಯ ಅಂಕಿ ಬದಲಾಗಲೇ ಇಲ್ಲ, ಅಲ್ವಾ? ಯಾವ ಸಂಖ್ಯೆಗೂ ಹೀಗೇ. ಒಂದು ಸಂಖ್ಯೆಯ ಘನದಿಂದ ಆ ಸಂಖ್ಯೆಯನ್ನೇ ಕಳೆದರೆ ಉಳಿಯುವುದು ಅಕ್ಕಪಕ್ಕದ ಮೂರು ಸಂಖ್ಯೆಗಳ ಗುಣಲಬ್ಧ. ಅದರಲ್ಲಿ ಸಮಸಂಖ್ಯೆ ಒಂದಾದರೂ ಇರುತ್ತದೆ, ಮೂರರಿಂದ ಭಾಗ ಹೋಗುವುದೂ ಒಂದಿರುತ್ತದೆ. ಹಾಗಾಗಿ ಅದು ಆರರಿಂದ ಭಾಗ ಹೋಗಲೇಬೇಕು.

ಕೊನೆಯ ಎರಡು ಅಂಕಿ

ಇಲ್ಲಿ ನಾಲ್ಕು ಮತ್ತು ಒಂಬತ್ತರ ಸುದ್ದಿ. ಒಂಬತ್ತರಿಂದ ಭಾಗ ಹೋಗಬೇಕಾದರೆ ಕೊನೆಯ ಎರಡು ಅಂಕಿ 00, 13, 30, 43 ಇವುಗಳಲ್ಲಿ ಒಂದಾಗಿರಬೇಕು. ನಾಲ್ಕಕ್ಕೆ ಪಟ್ಟಿ ಉದ್ದ. ಕೊನೆಯಿಂದ ಎರಡನೇ ಅಂಕಿಯ ಎರಡರಷ್ಟಕ್ಕೆ ಕೊನೆಯ ಅಂಕಿ ಕೂಡಿ, ಅದು ನಾಲ್ಕರಿಂದ ಭಾಗ ಹೋಗುತ್ತದಾ ನೋಡಿದರೆ ಆಯಿತು. ಎಂಟಕ್ಕೆ ಮೂರು ಅಂಕಿ ನೋಡಬೇಕು. ನಾನಂತೂ ಆ ತಂಟೆಗೆ ಹೋಗುವುದಿಲ್ಲ, ಸಂಖ್ಯೆಯನ್ನು ಅರ್ಧ ಮಾಡಿ ನಾಲ್ಕರ ಪರೀಕ್ಷೆ ಮಾಡುತ್ತೇನೆ.

ಕೊನೆಗೆ ಎಷ್ಟು ಸೊನ್ನೆ ಇವೆಯೋ ಅಷ್ಟು ಸಲ ಆರರಿಂದ ಭಾಗ ಹೋಗುತ್ತದೆ. 1ರಿಂದ 7ರವರೆಗಿನ ಗುಣಲಬ್ಧ 5040. ಅದು ಇಲ್ಲಿ 35200₆. 10ರವರೆಗೆ ಗುಣಿಸಿದರೆ 3628800, ಹತ್ತರ ಪದ್ಧತಿಯಲ್ಲಿ ಕೊನೆಗೆ ಎರಡೇ ಸೊನ್ನೆ. ಆರರಲ್ಲಿ ಬರೆದರೆ ನಾಲ್ಕು.

ಪರಿಪೂರ್ಣ ಸಂಖ್ಯೆಗಳು ಗೊತ್ತಲ್ಲ, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮವಾಗುವಂಥವು. 28 ಇಲ್ಲಿ 44₆. 496 ಇಲ್ಲಿ 2144₆. 8128 ಇಲ್ಲಿ 101344₆. ಮೊದಲನೆಯದಾದ 6 ಬಿಟ್ಟರೆ ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳೂ 44ರಲ್ಲೇ ಮುಗಿಯುತ್ತವೆ. ಹತ್ತರ ಪದ್ಧತಿಯಲ್ಲಿ ಕೆಲವು 6ರಲ್ಲಿ, ಕೆಲವು 8ರಲ್ಲಿ ಮುಗಿದು ಗೊತ್ತುಗುರಿ ಇಲ್ಲದ ಹಾಗೆ ಕಾಣುತ್ತವೆ.

ಐದು ಮತ್ತು ಏಳು

ಹತ್ತರಲ್ಲಿ ಒಂಬತ್ತಕ್ಕೆ ಏನು ಮಾಡುತ್ತೀರೋ ಅದನ್ನೇ ಇಲ್ಲಿ ಐದಕ್ಕೆ ಮಾಡಿ. ಅಂಕಿಗಳನ್ನು ಕೂಡಿ. ಐದರ ಮಗ್ಗಿಯೇ ಇದನ್ನು ಹೇಳುತ್ತದೆ: 5₆, 14₆, 23₆, 32₆, 41₆, 50₆. ಎಲ್ಲದರ ಅಂಕಿಗಳ ಮೊತ್ತವೂ ಐದು. ನಮ್ಮ 13213₆ರ ಅಂಕಿಗಳ ಮೊತ್ತ 1 + 3 + 2 + 1 + 3 = 10. ಐದರಿಂದ ಭಾಗ ಹೋಗುತ್ತದೆ.

ಏಳಕ್ಕೆ, ಹತ್ತರಲ್ಲಿ ಹನ್ನೊಂದಕ್ಕೆ ಮಾಡುವ ಉಪಾಯ. ಬಲಗಡೆಯಿಂದ ಒಂದು ಕೂಡಿ, ಒಂದು ಕಳೆಯಿರಿ. 13213₆ಕ್ಕೆ 3 − 1 + 2 − 3 + 1 = 2. ಸೊನ್ನೆಯೂ ಅಲ್ಲ, ಏಳರ ಗುಣಕವೂ ಅಲ್ಲ. ಹಾಗಾಗಿ ಭಾಗ ಹೋಗುವುದಿಲ್ಲ, ಶೇಷ 2. ಹತ್ತರ ಪದ್ಧತಿಯಲ್ಲಿ ಏಳರ ಪರೀಕ್ಷೆ ಅಂದರೆ ತಲೆನೋವು. ಇಲ್ಲಿ ಅದು ಮೂರು ಸೆಕೆಂಡಿನ ಕೆಲಸ. ಎರಡು, ಮೂರು, ಐದು, ಏಳು — ಮೊದಲ ನಾಲ್ಕು ಅವಿಭಾಜ್ಯಗಳೂ ಸಂಖ್ಯೆಯ ಮುಖ ನೋಡಿದರೇ ತಿಳಿಯುತ್ತವೆ. ನನಗೆ ಆರರ ಪದ್ಧತಿ ಹಿಡಿಸಿದ್ದು ಇದಕ್ಕೇ.

ಮಿಕ್ಕ ಅವಿಭಾಜ್ಯಗಳಿಗೆಲ್ಲ ಒಂದೇ ಉಪಾಯ

ಇದು ನಿಜವಾದ ಬೆಲ್ಲ, ಸ್ವಲ್ಪ ನಿಧಾನವಾಗಿ ಓದಿ.

ಹನ್ನೊಂದರಿಂದ ಭಾಗ ಹೋಗುತ್ತದಾ ನೋಡಬೇಕು ಅಂತಿಟ್ಟುಕೊಳ್ಳಿ. ಸಂಖ್ಯೆಯ ಕೊನೆಯ ಅಂಕಿಯನ್ನು ಕತ್ತರಿಸಿ, ಅದರ ಎರಡರಷ್ಟನ್ನು ಉಳಿದ ಭಾಗಕ್ಕೆ ಕೂಡಿ. ಬಂದದ್ದು ಹನ್ನೊಂದರಿಂದ ಭಾಗ ಹೋದರೆ ಮೂಲ ಸಂಖ್ಯೆಯೂ ಹೋಗುತ್ತದೆ. ಹದಿಮೂರಕ್ಕೂ ಇದೇ, ಆದರೆ ಕೂಡುವ ಬದಲು ಕಳೆಯಬೇಕು.

ಯಾಕೆ? ಕೊನೆಯ ಅಂಕಿ ಕತ್ತರಿಸಿದ ಮೇಲೆ ಉಳಿದದ್ದನ್ನು ‘ಅ’ ಅನ್ನೋಣ, ಕೊನೆಯ ಅಂಕಿಯನ್ನು ‘ಬ’. ಸಂಖ್ಯೆ ಅಂದರೆ 6ಅ + ಬ. ಎರಡರಿಂದ ಗುಣಿಸಿದರೆ 12ಅ + 2ಬ. ಈ 12 ಅನ್ನುವುದು ಹನ್ನೊಂದಕ್ಕಿಂತ ಒಂದು ಜಾಸ್ತಿ, ಹದಿಮೂರಕ್ಕಿಂತ ಒಂದು ಕಡಿಮೆ. ಹನ್ನೊಂದರ ಮಟ್ಟಿಗೆ ಅದು ಅ + 2ಬ ಆದ ಹಾಗೆ. ಹದಿಮೂರರ ಮಟ್ಟಿಗೆ 2ಬ − ಅ. ಎರಡರಿಂದ ಗುಣಿಸಿದ್ದರಿಂದ ಹನ್ನೊಂದಕ್ಕಾಗಲಿ ಹದಿಮೂರಕ್ಕಾಗಲಿ ಏನೂ ವ್ಯತ್ಯಾಸ ಆಗುವುದಿಲ್ಲ.

ಈಗ 12ರ ಜಾಗದಲ್ಲಿ 18 ಹಾಕಿ. ಅದರ ಅಕ್ಕಪಕ್ಕ 17 ಮತ್ತು 19. ಹದಿನೇಳಕ್ಕೆ ಮೂರರಷ್ಟು ಕೂಡಿ, ಹತ್ತೊಂಬತ್ತಕ್ಕೆ ಮೂರರಷ್ಟು ಕಳೆಯಿರಿ. 24 ಹಾಕಿದರೆ ಇಪ್ಪತ್ತಮೂರಕ್ಕೆ ನಾಲ್ಕರಷ್ಟು ಕೂಡಬೇಕು. 30 ಹಾಕಿದರೆ 29ಕ್ಕೆ ಐದರಷ್ಟು ಕೂಡಿ, 31ಕ್ಕೆ ಐದರಷ್ಟು ಕಳೆಯಬೇಕು. 2 ಮತ್ತು 3 ಬಿಟ್ಟ ಎಲ್ಲ ಅವಿಭಾಜ್ಯಗಳೂ ಆರರ ಯಾವುದೋ ಒಂದು ಗುಣಕದ ಪಕ್ಕದ ಮನೆಯಲ್ಲೇ ಇರುವುದರಿಂದ ಈ ಉಪಾಯ ಎಲ್ಲಕ್ಕೂ ನಡೆಯುತ್ತದೆ.

ಎಷ್ಟರಷ್ಟು, ಕೂಡಬೇಕೋ ಕಳೆಯಬೇಕೋ ಅಂತ ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಅವಿಭಾಜ್ಯವನ್ನು ಆರರಲ್ಲಿ ಬರೆದರೆ ಅದೇ ಹೇಳುತ್ತದೆ. 31₆: ಕೊನೆಗೆ 1, ಹಾಗಾಗಿ ಕಳೆಯಬೇಕು. ಮುಂದಿರುವುದು 3, ಹಾಗಾಗಿ ಮೂರರಷ್ಟು. 25₆: ಕೊನೆಗೆ 5, ಹಾಗಾಗಿ ಕೂಡಬೇಕು. ಮುಂದಿರುವುದು 2, ಅದಕ್ಕೆ ಒಂದು ಸೇರಿಸಿ ಮೂರರಷ್ಟು. ಐದು ಮತ್ತು ಏಳರ ಪರೀಕ್ಷೆಗಳೂ ಇದರ ಮರಿಗಳೇ. ಐದು ಅಂದರೆ 05₆, ಒಂದರಷ್ಟು ಕೂಡು. ಏಳು ಅಂದರೆ 11₆, ಒಂದರಷ್ಟು ಕಳೆ.

ಒಂದು ಎಚ್ಚರಿಕೆ. ಐದು, ಏಳು ಬಿಟ್ಟರೆ ಈ ಉಪಾಯ ಭಾಗ ಹೋಗುತ್ತದೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಶೇಷ ಎಷ್ಟು ಅಂತ ಅದರಿಂದ ಓದಬೇಡಿ. ನಡುವೆ ಗುಣಿಸಿದ್ದೇವಲ್ಲ, ಶೇಷ ಕೆಟ್ಟಿರುತ್ತದೆ.

1729ರ ಮೇಲೆ ಪ್ರಯೋಗ

ರಾಮಾನುಜನ್ ಹೆಸರಿನ ಜೊತೆ ಅಂಟಿಕೊಂಡಿರುವ ಸಂಖ್ಯೆ ಇದು. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ: 12ರ ಘನಕ್ಕೆ 1ರ ಘನ ಕೂಡಿದರೂ 1729, 10ರ ಘನಕ್ಕೆ 9ರ ಘನ ಕೂಡಿದರೂ 1729. ಇದನ್ನು ಆರರಲ್ಲಿ ಬರೆಯಲು ಭಾಗಾಕಾರವೇ ಬೇಡ. 12 ಅಂದರೆ 20₆. ಅದರ ಘನಕ್ಕೆ 2ರ ಘನ 12₆, ಪಕ್ಕದಲ್ಲಿ ಮೂರು ಸೊನ್ನೆ: 12000₆. ಒಂದು ಕೂಡಿದರೆ 12001₆. ಘನಕ್ಕೆ ಒಂದು ಸೇರಿದ್ದು ಸಂಖ್ಯೆಯ ಮೇಲೇ ಬರೆದಿದೆ!

ಕೊನೆಗೆ 1. ಎರಡೂ ಇಲ್ಲ, ಮೂರೂ ಇಲ್ಲ. ಅಂಕಿಗಳ ಮೊತ್ತ 4, ಐದೂ ಇಲ್ಲ. ಏಳಕ್ಕೆ 1 − 0 + 0 − 2 + 1 = 0. ಸಿಕ್ಕಿತು.

ಹದಿಮೂರು, ಅಂದರೆ 21₆. ಎರಡರಷ್ಟು ಕಳೆಯುತ್ತಾ ಹೋಗೋಣ. ಎಲ್ಲ ಲೆಕ್ಕವೂ ಆರರಲ್ಲೇ.

12001: 1200 − 2 = 1154
1154: 115 − 12 = 103 (4ರ ಎರಡರಷ್ಟು 8, ಅದು 12₆)
103: 10 − 10 = 0 (3ರ ಎರಡರಷ್ಟು 6, ಅದು 10₆)

ಸೊನ್ನೆ ಬಂತು, ಭಾಗ ಹೋಗುತ್ತದೆ. ಹತ್ತೊಂಬತ್ತು, ಅಂದರೆ 31₆. ಈ ಸಲ ಮೂರರಷ್ಟು:

12001: 1200 − 3 = 1153
1153: 115 − 13 = 102
102: 10 − 10 = 0

ಇದೂ ಹೋಗುತ್ತದೆ. 7 × 13 × 19 = 1729. ಆರರಲ್ಲಿ ಬರೆದರೆ 11₆ × 21₆ × 31₆. ಮೂರೂ ಒಂದರಲ್ಲಿ ಮುಗಿಯುವವು, ಮುಂದೆ 1, 2, 3. ಹತ್ತರ ಪದ್ಧತಿಯಲ್ಲಿ ಈ ಸಾಲು ಕಣ್ಣಿಗೆ ಬೀಳುವುದೇ ಇಲ್ಲ.

ಅವಿಭಾಜ್ಯವೋ ಅಲ್ಲವೋ: 391

391 ನೋಡಿದರೆ ಯಾರಿಗಾದರೂ ಅವಿಭಾಜ್ಯ ಇರಬಹುದು ಅನ್ನಿಸುತ್ತದೆ. 20ರ ವರ್ಗ 400, ಆದ್ದರಿಂದ 19ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಆರರಲ್ಲಿ ಇದು 1451₆.

ಕೊನೆಗೆ 1 ಇದೆ, ಹಾಗಾಗಿ 2 ಮತ್ತು 3 ಇಲ್ಲ. ಮೊತ್ತ 11, ಐದು ಇಲ್ಲ. 1 − 5 + 4 − 1 = −1, ಏಳು ಇಲ್ಲ. ಹನ್ನೊಂದಕ್ಕೆ ಎರಡರಷ್ಟು ಕೂಡಿ: 145₆ + 2₆ = 151₆, ಆಮೇಲೆ 15₆ + 2₆ = 21₆. ಇದು ಹದಿಮೂರು, ಹನ್ನೊಂದರಿಂದ ಭಾಗ ಹೋಗುವುದಿಲ್ಲ. (ಹದಿಮೂರು ಕಂಡಿತಲ್ಲ, ಹದಿಮೂರರಿಂದ ಹೋಗಬಹುದು ಅಂತ ಆಸೆ ಪಡಬೇಡಿ. ಈ ಲೆಕ್ಕ ಹನ್ನೊಂದಕ್ಕೆ ಮಾತ್ರ.) ಹದಿಮೂರಕ್ಕೆ ಕಳೆಯಿರಿ: 145₆ − 2₆ = 143₆, ಆಮೇಲೆ 14₆ − 10₆ = 4₆. ಇಲ್ಲ. ಹದಿನೇಳಕ್ಕೆ ಮೂರರಷ್ಟು ಕೂಡಿ: 145₆ + 3₆ = 152₆, ಆಮೇಲೆ 15₆ + 10₆ = 25₆. ಅದು ಹದಿನೇಳೇ! ಕಳ್ಳ ಸಿಕ್ಕಿಬಿದ್ದ. 391 = 17 × 23, ಇಲ್ಲಿ 25₆ × 35₆.

ನಾನು ಮೊದಲ ದಿನ ಅಡ್ಡಗೆರೆ ಎಳೆದು ಓಡಿಸಿದ್ದ ಎರಡು ಸಂಖ್ಯೆಗಳು ಇವು.

ಅಭ್ಯಾಸಕ್ಕೆ ದಾಳ

ಅಭ್ಯಾಸಕ್ಕೆ ಸಂಖ್ಯೆಗಳನ್ನು ಎಲ್ಲಿಂದ ತರುವುದು? ಲೂಡೊ ದಾಳ ಸಾಕು. ಐದು ಸಲ ಹಾಕಿ, ಪ್ರತಿ ಸಲ ಬಿದ್ದದ್ದರಲ್ಲಿ ಒಂದು ಕಳೆದು ಸಾಲಾಗಿ ಬರೆಯಿರಿ. 00000₆ರಿಂದ 55555₆ರವರೆಗೆ, ಅಂದರೆ 0ಯಿಂದ 7775ರವರೆಗೆ, ಯಾವುದಾದರೂ ಒಂದು ಬರುತ್ತದೆ. ಒಟ್ಟು 7776 ಸಾಧ್ಯತೆ. ಪಾಸ್‌ವರ್ಡ್ ಮಾಡಲು ದಾಳ ಹಾಕಿ ಪದ ಆರಿಸುವ ಡೈಸ್‌ವೇರ್ ಎಂಬ ಪದ್ಧತಿ 1995ರಲ್ಲಿ ಬಂತು. ಅದರ ಪಟ್ಟಿಯಲ್ಲಿ ಸರಿಯಾಗಿ 7776 ಪದಗಳಿರುವುದು ಇದೇ ಕಾರಣಕ್ಕೆ.

ಬಂದ ಸಂಖ್ಯೆಗೆ ಮೊದಲು 2, 3, 5, 7ರ ಪರೀಕ್ಷೆ ಮಾಡಿ. ನಾಲ್ಕರಲ್ಲೂ ಪಾರಾದರೆ ಮಾತ್ರ ಮುಂದಿನದಕ್ಕೆ ಹೋಗಿ. ಸುಮಾರು ನಾಲ್ಕರಲ್ಲಿ ಮೂರು ಸಂಖ್ಯೆಗಳು ಈ ಮೊದಲ ಜರಡಿಯಲ್ಲೇ ನಿಂತುಬಿಡುತ್ತವೆ, ಹಾಗಾಗಿ ಕೆಲಸ ಅಷ್ಟೇನೂ ಜಾಸ್ತಿ ಆಗುವುದಿಲ್ಲ.

ದಾಳ ಇಲ್ಲದವರಿಗೆ ಒಂದು ಸಂಖ್ಯೆ ನಾನೇ ಕೊಡುತ್ತೇನೆ: 35201₆. ಮೇಲೆ ಬಂದ 5040ಕ್ಕೆ ಒಂದು ಕೂಡಿದ್ದು. ಹಾಗಾಗಿ 2, 3, 5, 7 ನಾಲ್ಕೂ ಇಲ್ಲ ಅಂತ ನೋಡುವ ಮೊದಲೇ ಗೊತ್ತು. ಆಮೇಲೆ 15₆ ಇಲ್ಲ, 21₆ ಇಲ್ಲ, 25₆ ಇಲ್ಲ. ಹೀಗೆ ತುಂಬಾ ದೂರದವರೆಗೆ ಇಲ್ಲ ಇಲ್ಲ ಅನ್ನುತ್ತಾ ಹೋಗುತ್ತದೆ. ಕೈಬಿಡಬೇಡಿ, 155₆ರವರೆಗೆ ಹೋಗಿ. ಅದಕ್ಕೆ ಕೂಡಬೇಕಾದದ್ದು 15₆ಕ್ಕಿಂತ ಒಂದು ಜಾಸ್ತಿ, ಅಂದರೆ 20₆ರಷ್ಟು. 3520₆ + 20₆ = 3540₆. ಕೊನೆಯ ಸೊನ್ನೆ ಸುಮ್ನೆ ಬೀಳಿಸಿ: 354₆. ಇನ್ನು ಕೊನೆಯ ಒಂದು ಸಾಲು ನಿಮಗೆ ಬಿಟ್ಟಿದ್ದೇನೆ. 4ನ್ನು 20₆ರಿಂದ ಗುಣಿಸಿ 35₆ಕ್ಕೆ ಕೂಡಿ, ಏನು ಬಂತು ನೋಡಿ. ಆಮೇಲೆ 35201₆ರ ವರ್ಗಮೂಲ ತೆಗೆಯಿರಿ.